ಬುದ್ಧಿ ಹೇಳುವವರೂ ಮಾತು ಕೇಳುವವರೂ

ನಮ್ಮ ನಾಡಿನಲ್ಲಿ ಬುದ್ಧಿ ಹೇಳುವವರಿಗೆ ಎಂದೂ ಬರಗಾಲ ಬಂದದ್ದಿಲ್ಲ. ಮಳೆ ಕೈಕೊಟ್ಟ ವರ್ಷವೂ ಆ ಬೆಳೆ ಮಾತ್ರ ಹುಲುಸಾಗಿ ಬರುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರೂ "ಏನು ಓದುತ್ತಿದ್ದೀಯಮ್ಮ?" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ, ನಾನು ಏನು ಓದಬೇಕಾಗಿತ್ತೆಂಬುದನ್ನು ತಿಳಿಸಿಬಿಡುತ್ತಾರೆ. ಅವರ ಮನಸ್ಸು ಕೆಟ್ಟದ್ದೆಂದು ನನ್ನ ಅಭಿಪ್ರಾಯವಲ್ಲ. ಆದರೆ ಒಬ್ಬರ ಮಾತನ್ನು ಕೊನೆಯ ತನಕ ಕೇಳತಕ್ಕವರು ನಮ್ಮ ಸುತ್ತಮುತ್ತ ಎಷ್ಟು ಮಂದಿ ಇದ್ದಾರೆಂದು ಲೆಕ್ಕ ಹಾಕಹೊರಟರೆ ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತವೆ.

ಈ ಸಲದ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಅಧ್ಯಾಪಕರು ಅಪ್ಪಣೆ ಮಾಡಿದಾಗ ಗೆಳತಿಯರು ಪ್ರವಾಸದ ವಿಷಯ ಬರೆಯೆಂದರು. ನಾನು ಆಪ್ತಸಮಾಲೋಚನೆಯ ವಿಷಯ ಬರೆಯುವೆನೆಂದೆ. "ಅದನ್ನು ಬರೆದರೆ ನಿನಗೆ ಏನೋ ಆಗಿದೆಯೆಂದು ಎಲ್ಲರೂ ತಿಳಿಯುತ್ತಾರೆ" ಎಂದು ಒಬ್ಬಳು ಎಚ್ಚರಿಸಿದಳು. ಏನೋ ಆಗಿತ್ತು, ನಿಜ. ಅದನ್ನೇ ಹೇಳಹೊರಟಿದ್ದೇನೆ. ಸ್ವಂತ ವಿಷಯವನ್ನು ಎತ್ತಿಕೊಂಡದ್ದಕ್ಕೆ ವಾಚಕರು ಕ್ಷಮಿಸಬೇಕು; ಪರರ ಕಥೆಯನ್ನು ಹೇಳುವ ಅಧಿಕಾರ ನನಗಿಲ್ಲವಷ್ಟೆ.

ನಾವು ಚಳ್ಳಕೆರೆಯ ಮಾರುಕಟ್ಟೆಗೆ ಶೇಂಗಾ ಹಾಕುವ ಸೀಮೆಯವರು. ಮಳೆಯನ್ನು ನೆಚ್ಚಿದ ಹೊಲ, ಜೊತೆಗೆ ನಾಲ್ಕಾರು ಕುರಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈ ಮಾತನ್ನು ಎಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನಾನೂ ಹೇಳಿಕೊಳ್ಳುತ್ತಿದ್ದೆ. ಆದರೆ ಒಬ್ಬರು ಮೆಟ್ಟಿಲು ಹತ್ತಬೇಕಾದರೆ ಏಣಿಯನ್ನು ಕೆಳಗೆ ಹಿಡಿದು ನಿಂತವರು ಇನ್ನೊಬ್ಬರು ಇರುತ್ತಾರೆ. ನನ್ನ ಪಾಲಿಗೆ ಅವನು ನನ್ನ ಅಣ್ಣ. ನನಗಿಂತ ನಾಲ್ಕು ವರ್ಷ ಹಿರಿಯ. 2018ರಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ. ಅದೇ ಬೇಸಗೆಯಲ್ಲಿ ಅಪ್ಪ ಹುಣಿಸೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಅಣ್ಣ ಅಂಕಪಟ್ಟಿಯನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಹೊಲಕ್ಕೆ ನಡೆದ. ಐ.ಟಿ.ಐ. ಸೇರಬೇಕೆಂಬ ಆಸೆ ಅವನಿಗಿತ್ತೆಂಬುದು ನನಗೆ ತಿಳಿದದ್ದು ಮೊನ್ನೆ ಮೊನ್ನೆ. 2023ರಲ್ಲಿ, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರಕಾರ ಸಾರಿದ ಆ ವರ್ಷ, ನಾನು ಬಿ.ಎ. ತರಗತಿಗೆ ಸೇರಿದೆ. ಅಣ್ಣ ಮೂರು ಕುರಿಗಳನ್ನು ಮಾರಿದ.

ಆ ಮೇಲೆ ನಮ್ಮಲ್ಲಿ ಜಗಳವಾಯಿತೆಂದು ತಿಳಿಯಬೇಡಿ. ಜಗಳವಾಗಿದ್ದರೆ ಚೆನ್ನಾಗಿತ್ತು. ಮಾತು ನಿಂತುಹೋಯಿತು. ರಜೆಗೆ ನಾನು ಊರಿಗೆ ಹೋದರೆ, "ಅಮ್ಮ, ಅವಳಿಗೆ ನೀರು ಕಾದಿದೆಯೆಂದು ಹೇಳು" ಎಂದು ಅವನು. "ಅಮ್ಮ, ಅವನಿಗೆ ಮುದ್ದೆ ಆರುತ್ತಿದೆಯೆಂದು ಹೇಳು" ಎಂದು ನಾನು. ಮೂವರೂ ಒಂದೇ ಅಡುಗೆಮನೆಯಲ್ಲಿ ಇರುತ್ತಿದ್ದೆವು. ಪಾಪ, ಅಮ್ಮ ಇಬ್ಬರ ನಡುವೆ ಅಂಚೆಯವರಂತೆ ಓಡಾಡಿದರು. ಎಂದಾದರೊಮ್ಮೆ ಅವನೇ ನೇರವಾಗಿ ಮಾತಾಡಿದರೆ ಅದು ಒಂದೇ ಮಾತು: "ನೀನು ಓದಿದವಳು, ನಿನಗೆ ಎಲ್ಲ ಗೊತ್ತು." ಈ ಒಂದು ವಾಕ್ಯ ಕೇಳಿದರೆ ನನ್ನ ಎದೆಗೆ ಕಲ್ಲು ಬಿದ್ದಂತಾಗುತ್ತಿತ್ತು.

ಎರಡನೆಯ ವರ್ಷದ ಕೊನೆಯ ಹೊತ್ತಿಗೆ ನಿದ್ರೆ ಬಿಟ್ಟುಹೋಯಿತು. ಹಾಸ್ಟೆಲಿನಲ್ಲಿ ಭಾನುವಾರ ಸಿಹಿ ಮಾಡಿದ ದಿನ ತಟ್ಟೆಯ ಮುಂದೆ ಕುಳಿತರೆ ಗಂಟಲು ಕಟ್ಟುತ್ತಿತ್ತು; ನಾನು ತಿನ್ನುತ್ತಿರುವುದು ಯಾರದೋ ಪಾಲು ಎನ್ನಿಸುತ್ತಿತ್ತು. ಊರಿಗೆ ಹೋಗುವ ಬಸ್ಸು ಕೆರೆಯ ಏರಿಯ ತಿರುವಿಗೆ ಬರುತ್ತಲೇ ಎದೆ ಡವಗುಟ್ಟಿ ಕೈ ಬೆವರುತ್ತಿದ್ದುವು. ವೈದ್ಯರೊಬ್ಬರು ಟಾನಿಕ್ಕು ಕೊಟ್ಟರು. ಅಜ್ಜಿ ಯಂತ್ರ ಕಟ್ಟಿಸಿದರು. ಟಾನಿಕ್ಕು ಖಾಲಿಯಾಯಿತು, ಯಂತ್ರ ಈಗಲೂ ತೋಳಿನಲ್ಲಿದೆ. ಅಜ್ಜಿಯ ಪ್ರೀತಿಯನ್ನು ಕಳಚಿ ಎಸೆಯುವಷ್ಟು ವಿದ್ಯೆ ನನಗೆ ಬಂದಿಲ್ಲ.

ಬುದ್ಧಿವಾದವೂ ಯಥೇಚ್ಛವಾಗಿ ದೊರೆಯಿತು. "ಒಡಹುಟ್ಟಿದವನಲ್ಲವೆ, ಹೊಂದಿಕೊಂಡು ಹೋಗು" ಎಂದರು ಅಜ್ಜಿ. "ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ, ಬಿಟ್ಟುಬಿಡು" ಎಂದಳು ಗೆಳತಿ. ಹಿತೈಷಿಗಳಾದ ಉಪಾಧ್ಯಾಯರೊಬ್ಬರು "ಚೆನ್ನಾಗಿ ಓದಿ ಕೆಲಸ ಹಿಡಿದು ಅಣ್ಣನ ಋಣ ತೀರಿಸಮ್ಮ" ಎಂದು ಬೆನ್ನು ತಟ್ಟಿದರು. ಆ ಒಂದು ವಾರ ನಾನು ಪುಸ್ತಕ ತೆರೆಯಲಾರದೆ ಹೋದೆ. ಈ ಮೂರು ಮಾತುಗಳಲ್ಲಿಯೂ ತಪ್ಪೆಂಬುದಿಲ್ಲ. ಮೂವರೂ ನನ್ನ ಒಳಿತನ್ನೇ ಬಯಸಿದವರು. ಆದರೆ ಮೂವರಲ್ಲಿ ಒಬ್ಬರೂ ನನ್ನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಹೇಳುವವರು ತಮ್ಮ ತಮ್ಮ ಬಾಳಿನ ಅನುಭವವನ್ನು ಅಳೆದು ಕೊಡುತ್ತಾರೆ. ಅದು ನಮ್ಮ ಮೈಗೆ ಹಿಡಿಯುತ್ತದೆಯೋ ಇಲ್ಲವೋ ನೋಡುವ ವ್ಯವಧಾನ ಅವರಿಗಿರುವುದಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಅದನ್ನು ಎಲ್ಲ ಮದುವೆ ಮನೆಗಳಲ್ಲಿಯೂ ನಗುತ್ತ ಹೇಳುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಇನ್ನೊಂದು ಗಾದೆಯೂ ಉಂಟು. ಅದನ್ನು ಹೇಳುವಾಗ ಯಾರೂ ನಗುವುದಿಲ್ಲ. ಒಂದೇ ಜನ ಒಂದೇ ವಿಷಯದ ಮೇಲೆ ಈ ಎರಡು ಗಾದೆಗಳನ್ನೂ ಕಟ್ಟಿದ್ದಾರೆ. ಮನೆಯ ಮನಸ್ತಾಪಗಳು ತಾವಾಗಿಯೇ ಮಾಯುತ್ತವೆಂಬುದು ನಮ್ಮ ಹಾರೈಕೆ. ಮಾಯದೆ ಹೋದಾಗ ಅದರ ಪೆಟ್ಟು ಬಾಯಿಲ್ಲದವರ ಮೇಲೆ ಬೀಳುತ್ತದೆಂಬುದು ನಮ್ಮ ಅನುಭವ. ನಮ್ಮ ಮನೆಯಲ್ಲಿ ಬಡವಾದವರು ಅಮ್ಮ.

ಇನ್ನು ನಾನು ದಾರಿ ಕಂಡ ಬಗೆಯನ್ನು ಹೇಳುತ್ತೇನೆ. ಹಾಸ್ಟೆಲಿನ ಮಹಡಿಯ ಮೇಲೆ ಒಂದು ರಾತ್ರಿ 14416 ಎಂಬ ಸಂಖ್ಯೆಗೆ ಫೋನು ಮಾಡಿದೆ. ಇದು 'ಟೆಲಿ ಮಾನಸ್' ಎಂಬ ಸರಕಾರಿ ಸೇವೆ. 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಹಗಲು ರಾತ್ರಿ ಎನ್ನದೆ ಕನ್ನಡದಲ್ಲಿಯೇ ಮಾತಾಡಬಹುದು, ಖರ್ಚಿಲ್ಲ. ಆ ಕಡೆ ಹೆಂಗಸರ ದನಿ ಕೇಳಿಸಿದ ಕೂಡಲೆ ನಾನು ಹೆದರಿ ಫೋನನ್ನು ಇಟ್ಟುಬಿಟ್ಟೆ. ಕಾಲು ಗಂಟೆಯ ಮೇಲೆ ಪುನಃ ಮಾಡಿದೆ. ಆಕೆ ಬೈಯಲಿಲ್ಲ, ಅವಸರಪಡಿಸಲಿಲ್ಲ; ನಾನು ಅತ್ತು ಮುಗಿಸುವ ತನಕ ಸುಮ್ಮನಿದ್ದು, ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವಿಭಾಗವಿದೆಯೆಂದೂ ಅಲ್ಲಿ ಕುಳಿತು ಮಾತಾಡಬಹುದೆಂದೂ ತಿಳಿಸಿದರು. ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ 2023ರ ಜೂನ್ ತಿಂಗಳಿನಿಂದ ಟಿಕೆಟ್ಟಿನ ಹಣವಿಲ್ಲವಷ್ಟೆ. ಆ ಯೋಜನೆಯ ಸರಿತಪ್ಪುಗಳನ್ನು ಚರ್ಚಾಕೂಟದಲ್ಲಿ ಎಷ್ಟು ಬೇಕಾದರೂ ಚರ್ಚಿಸಲಿ. ಅದಿಲ್ಲದಿದ್ದರೆ ನಾನು ಆಸ್ಪತ್ರೆಗೆ ಆರು ಸಲ ಹೋಗಿಬರಲು ಅಣ್ಣನನ್ನೇ ಹಣ ಕೇಳಬೇಕಾಗುತ್ತಿತ್ತು!

ಆಸ್ಪತ್ರೆಯಲ್ಲಿ ಮೊದಲ ದಿನ ಆ ವಿಭಾಗದ ಬೆಂಚಿನ ಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದೆ. ನಮ್ಮ ಊರಿನವರು ಯಾರಾದರೂ ಕಂಡರೆ ಏನು ಗತಿಯೆಂಬ ಭಯ. ನಮ್ಮ ಜನಕ್ಕೆ ಇದೆಲ್ಲವೂ 'ಹುಚ್ಚಾಸ್ಪತ್ರೆ'ಯೇ. ಒಳಗೆ ನೋಡಿದರೆ ಒಂದು ಮೇಜು, ಎರಡು ಕುರ್ಚಿ, ಮುಚ್ಚಬಹುದಾದ ಒಂದು ಬಾಗಿಲು. ಸಮಾಲೋಚಕಿಯವರು ನಡುವಯಸ್ಸಿನವರು. ಮೊದಲು ಹೇಳಿದ ಮಾತೆಂದರೆ, "ಇಲ್ಲಿ ನೀನು ಹೇಳಿದ್ದು ಇಲ್ಲಿಯೇ ಉಳಿಯುತ್ತದೆ. ನಿನ್ನ ಪ್ರಾಣಕ್ಕೋ ಬೇರೆಯವರ ಪ್ರಾಣಕ್ಕೋ ಅಪಾಯವಿದ್ದರೆ ಮಾತ್ರ ನಾನು ಸುಮ್ಮನಿರಲಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ." ಈ ಗೋಪ್ಯತೆ ಬರಿಯ ಸೌಜನ್ಯವಲ್ಲ, 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಚಿಕಿತ್ಸೆಗೆ ಬಂದವರಿಗೆ ಕೊಟ್ಟಿರುವ ಹಕ್ಕು ಎಂದು ಆ ಮೇಲೆ ಓದಿ ತಿಳಿದೆ.

ಮೊದಲೆರಡು ಭೇಟಿಗಳಲ್ಲಿ ನಾನು ಅಪ್ಪನ ಸೊಂಟದ ವಿಷಯ, ಹಾಸ್ಟೆಲಿನ ವಿಷಯ, ಇಂಗ್ಲಿಷ್ ಪಾಠ ಅರ್ಥವಾಗದ ವಿಷಯ ಎಲ್ಲವನ್ನೂ ಹೇಳಿದೆ; ಅಣ್ಣನ ವಿಷಯ ಎತ್ತಲಿಲ್ಲ. ಆಕೆಯೂ ಎತ್ತಲಿಲ್ಲ. ಮೂರನೆಯ ಸಲ ತಾನಾಗಿಯೇ ಬಂತು. ಅವನು ಆಡುವ ಆ ಒಂದು ವಾಕ್ಯವನ್ನು ಹೇಳಿದೆ. ಆಕೆ ಕೇಳಿದರು: "ನೀನು ಓದಿದವಳು, ನಿನಗೆ ಎಲ್ಲ ಗೊತ್ತು ಎಂದು ಅವನು ಅಂದಾಗ ನಿನ್ನ ಕಿವಿಗೆ ಏನು ಕೇಳಿಸುತ್ತದೆ?" ನಾನು ಯೋಚಿಸದೆಯೇ ಉತ್ತರ ಕೊಟ್ಟೆ: "ನನ್ನ ಕುರಿಗಳನ್ನು ನನಗೆ ವಾಪಸು ಕೊಡು ಅಂತ." ಹೇಳಿದ ಮೇಲೆ ನನಗೇ ನಗು ಬಂತು, ನಗುತ್ತಿದ್ದವಳಿಗೆ ಅಳು ಬಂತು. ಅದು ನಿಂತ ಮೇಲೆ ಆಕೆ ಮತ್ತೆ ಕೇಳಿದರು: "ಆ ಮಾತನ್ನು ಅವನು ಯಾವಾಗಲಾದರೂ ಆಡಿದ್ದಾನೆಯೆ?"

ಇಲ್ಲ. ಒಂದು ದಿನವೂ ಆಡಿರಲಿಲ್ಲ. ಎರಡು ವರ್ಷ ನಾನು ಉತ್ತರ ಕೊಡುತ್ತಿದ್ದದ್ದು ಅವನು ಆಡದ ಮಾತಿಗೆ.

ಇಷ್ಟೇ ನೋಡಿ ನಡೆದದ್ದು. ಆಕೆ ನನಗೆ ಯಾವ ಬುದ್ಧಿಯನ್ನೂ ಹೇಳಲಿಲ್ಲ. ಅಣ್ಣ ಒಳ್ಳೆಯವನೆಂದಾಗಲಿ ಕೆಟ್ಟವನೆಂದಾಗಲಿ ತೀರ್ಪು ಕೊಡಲಿಲ್ಲ. ಎರಡು ಪ್ರಶ್ನೆ ಕೇಳಿದರು. ಉತ್ತರ ಬರುವ ತನಕ ಕಾದರು. ಕಾಯುವುದೇ ಅವರ ವಿದ್ಯೆಯ ಬಹುಭಾಗವೆಂದು ನನಗೆ ತೋರುತ್ತದೆ.

ಅಮೆರಿಕದ ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞರು 1942ರಲ್ಲಿ ಸಮಾಲೋಚನೆಯನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ಬಂದವನನ್ನು 'ರೋಗಿ' ಎಂದು ಕರೆಯುವುದನ್ನು ಬಿಡಬೇಕೆಂಬುದು ಅವರ ಪಕ್ಷ. ಕೇಳುವವನಲ್ಲಿ ಮುಖ್ಯವಾಗಿ ಬೇಕಾದ ಮೂರು ಗುಣಗಳನ್ನು ಅವರು 1957ರಲ್ಲಿ ವಿವರಿಸಿದರು: ನಟನೆಯಿಲ್ಲದಿರುವುದು, ಬಂದವನನ್ನು ಷರತ್ತಿಲ್ಲದೆ ಗೌರವಿಸುವುದು, ಅವನ ಕಣ್ಣಿನಿಂದಲೇ ಅವನ ಲೋಕವನ್ನು ನೋಡುವುದು. ಓದಿದರೆ ಬಹು ಸುಲಭವೆನ್ನಿಸುತ್ತದೆ. ಒಂದು ದಿನ ನಮ್ಮ ಮನೆಯವರೊಡನೆ ಪ್ರಯತ್ನಿಸಿ ನೋಡಿದರೆ ಕಷ್ಟ ತಿಳಿಯುತ್ತದೆ.

ಇದು ಪಾಶ್ಚಾತ್ಯರ ಸರಕು, ನಮಗೇಕೆ ಎಂಬ ಆಕ್ಷೇಪಣೆಯನ್ನು ನಾನು ಕೇಳಿದ್ದೇನೆ. ನಮ್ಮಲ್ಲಿ ಅವಿಭಕ್ತ ಕುಟುಂಬವಿತ್ತು, ಅರಳಿಕಟ್ಟೆಯಿತ್ತು, ಹಿರಿಯರಿದ್ದರು, ಕಾಸು ಕೊಟ್ಟು ಕಷ್ಟ ಹೇಳಿಕೊಳ್ಳುವ ದುರ್ಗತಿ ನಮಗಿರಲಿಲ್ಲ ಎನ್ನುತ್ತಾರೆ. ಹಿರಿಯರು ಇದ್ದರು, ಸರಿ. ಆದರೆ ಸೊಸೆಯ ಕಷ್ಟವನ್ನು ಅರಳಿಕಟ್ಟೆ ಎಂದಾದರೂ ಕೇಳಿತ್ತೆ? ನಮ್ಮ ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ತಮ್ಮ ದುಃಖವನ್ನೆಲ್ಲ ಬೆಳಗಿನ ಜಾವ ರಾಗಿಕಲ್ಲಿನ ಮುಂದೆ ಹೇಳಿಕೊಳ್ಳುತ್ತಿದ್ದರಂತೆ. ಬೀಸುವ ಪದಗಳಲ್ಲಿ ತವರಿನ ನೆನಪೂ ಅತ್ತೆಮನೆಯ ನೋವೂ ಅಷ್ಟೊಂದು ತುಂಬಿರುವುದು ಸುಮ್ಮನೆ ಅಲ್ಲ. ಮನೆಯ ತುಂಬ ಜನರಿದ್ದೂ ಹೆಣ್ಣುಮಕ್ಕಳು ಕಲ್ಲನ್ನು ಆರಿಸಿಕೊಂಡರು. ಕಲ್ಲು ಬುದ್ಧಿ ಹೇಳುವುದಿಲ್ಲ. ಕೇಳಿದ್ದನ್ನು ಅತ್ತೆಯ ಕಿವಿಗೆ ಹಾಕುವುದೂ ಇಲ್ಲ! ಆ ಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು. ರಟ್ಟೆಯ ನೋವು ಕಡಿಮೆಯಾದದ್ದು ಒಳ್ಳೆಯದೇ. ಎದೆಯ ನೋವನ್ನು ಎಲ್ಲಿ ಇಳಿಸಬೇಕೆಂಬುದಕ್ಕೆ ಮಾತ್ರ ಯಾರೂ ಏರ್ಪಾಟು ಮಾಡಲಿಲ್ಲ. ಸಮಾಲೋಚಕರು ಆ ರಾಗಿಕಲ್ಲಿನ ಜಾಗದಲ್ಲಿ ಕುಳಿತವರೆಂದೇ ನಾನು ತಿಳಿದಿದ್ದೇನೆ. ಕಲ್ಲಿಗೆ ಸಾಧ್ಯವಿಲ್ಲದ ಒಂದು ಕೆಲಸವನ್ನು ಇವರು ಮಾಡುತ್ತಾರೆ, ತಿರುಗಿ ಪ್ರಶ್ನೆ ಕೇಳುತ್ತಾರೆ.

'ಆಪ್ತ' ಎಂಬ ಪದವೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆಂದು ಹೇಳಬೇಕು. ಆಪ್ತರೆಂದರೆ ಹತ್ತಿರದವರೆಂದು ನಾವು ತಿಳಿದಿದ್ದೇವೆ. ಹತ್ತಿರದವರು ಆ ಜಗಳದಲ್ಲಿ ತಾವೂ ಒಂದು ಕಡೆಯವರೇ. ಅಜ್ಜಿಗೆ ಮನೆ ಒಡೆಯಬಾರದು; ಗೆಳತಿಗೆ ನಾನು ಅಳಬಾರದು; ಉಪಾಧ್ಯಾಯರಿಗೆ ನಾನು ತರಗತಿಗೆ ಮೊದಲು ಬರಬೇಕು. ನನ್ನಿಂದ ಏನನ್ನೂ ಬಯಸದ ಒಬ್ಬ ಪರಕೀಯರು ನನಗೆ ಬೇಕಾಗಿದ್ದರು. ಊರಿನ ಯಾವ ಬೀದಿಯಲ್ಲಿಯೂ ನಾಳೆ ಎದುರಾಗದವರು.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ರೋಜರ್ಸರ ಗ್ರಂಥ ಹೊರಬಂದ ಅದೇ 1942ರಲ್ಲಿ ನಮ್ಮವರೇ ಆದ ಡಾ. ಎಂ. ಶಿವರಾಂ ಅವರು 'ಕೊರವಂಜಿ' ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದರು. 'ರಾಶಿ' ಎಂದು ಹೆಸರಾಗಿ ನಾಡನ್ನೆಲ್ಲ ನಗಿಸಿದ ಈ ವೈದ್ಯರು ಮನಸ್ಸಿನ ವ್ಯಾಪಾರಗಳನ್ನು ಕುರಿತು ಕನ್ನಡದಲ್ಲಿಯೇ ಬರೆದ 'ಮನಮಂಥನ' ಎಂಬ ಕೃತಿಗೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಬೆಂಗಳೂರಿನಲ್ಲಿ 1954ರಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಆ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮಂದಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆಯಿತ್ತು. ಅವರಲ್ಲಿ, ತೊಂದರೆಯ ಬಗೆಯನ್ನು ಅನುಸರಿಸಿ, ನೂರಕ್ಕೆ 70ರಿಂದ 92ರಷ್ಟು ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. (ಆ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲವೆಂಬುದು ಒಂದು ವಿನೋದ, ದೀಪದ ಬುಡದಲ್ಲಿ ಲೆಕ್ಕ ಹಾಕಿದವರಿಲ್ಲ.) ನಮ್ಮ ವಯಸ್ಸಿನವರ ಮಟ್ಟಿಗೆ ಹೇಳುವುದಾದರೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ಲೆಕ್ಕದಲ್ಲಿ 2022ರ ಒಂದೇ ವರ್ಷದಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡ ವಿದ್ಯಾರ್ಥಿಗಳು 13,044 ಮಂದಿ. ದಿನಕ್ಕೆ 35ಕ್ಕೂ ಹೆಚ್ಚು. ಈ ಸಂಖ್ಯೆಯನ್ನು ಬರೆಯುವಾಗ ನನ್ನ ಕೈ ತಡೆಯಿತು. ಹಾಸ್ಟೆಲಿನ ಮಹಡಿಯ ಮೇಲೆ ಆ ರಾತ್ರಿ ನಾನು ಏಕೆ ನಿಂತಿದ್ದೆನೆಂದು ಸಮಾಲೋಚಕಿಯವರು ಒಬ್ಬರೇ ಬಲ್ಲರು.

ಹಾಗಾದರೆ ನಮ್ಮ ಕಾಲೇಜಿನಲ್ಲಿ ಏನಿದೆ? ಕಡತದಲ್ಲಿ ಒಂದು ಸಮಾಲೋಚನಾ ಕೋಶವಿದೆ. ಅದರ ಫಲಕವು ಆಟದ ಸಾಮಾನುಗಳನ್ನಿಡುವ ಕೋಣೆಯ ಬಾಗಿಲ ಮೇಲೆ ತೂಗಾಡುತ್ತಿದೆ. ಒಳಗೆ ಹರಿದ ವಾಲಿಬಾಲ್ ಬಲೆ, ಕಬಡ್ಡಿಯ ಚಾಪೆ. ಕೋಶದ ಹೊಣೆ ಹೊತ್ತ ಅಧ್ಯಾಪಕರೇ ಎನ್.ಎಸ್.ಎಸ್. ನೋಡಬೇಕು, ಪರೀಕ್ಷೆ ನಡೆಸಬೇಕು, ಮೇಲಿನಿಂದ ಬಂದ ನಮೂನೆಗಳನ್ನು ತುಂಬಬೇಕು. ನಡುವೆ ಪಾಠವನ್ನೂ ಮಾಡುತ್ತಾರೆ. ಅವರು ಬಹಳ ಒಳ್ಳೆಯವರು, ಅವರನ್ನು ದೂರುವುದು ಅನ್ಯಾಯ. ಆದರೆ ಅವರೇ ನನ್ನ ಆಂತರಿಕ ಅಂಕಗಳನ್ನು ಹಾಕತಕ್ಕವರು. ಬೆಳಗ್ಗೆ ಅವರ ಮುಂದೆ ಅತ್ತು, ಮಧ್ಯಾಹ್ನ ಅವರದೇ ತರಗತಿಯಲ್ಲಿ "ಹಾಜರ್" ಎನ್ನುವುದು ಹೇಗೆ? ಅಳೆಯುವವರೂ ಕೇಳುವವರೂ ಒಬ್ಬರೇ ಆಗಬಾರದು. ಎಷ್ಟು ಪ್ರೀತಿಯ ಗುರುಗಳಾದರೂ ಆಗಬಾರದು.

ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ಇದೇ ವಿಷಯವಾಗಿ ಮಾರ್ಗಸೂಚಿಗಳನ್ನು ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಯಲ್ಲಿ ಈ ಕೆಲಸಕ್ಕೆ ಅರ್ಹತೆ ಪಡೆದ ಒಬ್ಬ ಸಮಾಲೋಚಕರಾಗಲಿ, ಮನಶ್ಶಾಸ್ತ್ರಜ್ಞರಾಗಲಿ, ಸಮಾಜ ಕಾರ್ಯಕರ್ತರಾಗಲಿ ಇರತಕ್ಕದ್ದೆಂದು ಹೇಳಿದೆ. ನಮ್ಮ ಕಾಲೇಜಿನಲ್ಲಿ ಮೊದಲನೆಯ ಬಿ.ಎ.ಯ ಒಂದು ವಿಭಾಗದಲ್ಲಿಯೇ ಅಷ್ಟು ಮಂದಿ ಇದ್ದಾರೆ. ಪೇಟೆಯ ಕಾಲೇಜುಗಳಲ್ಲಿ ಈ ಏರ್ಪಾಟು ಅಲ್ಲಲ್ಲಿ ಉಂಟೆಂದು ಕೇಳಿದ್ದೇನೆ. ಹಳ್ಳಿಯ ಮಕ್ಕಳಿಗೆ ಮನಸ್ಸು ಗಟ್ಟಿ, ಅವರಿಗೆ ಇದೆಲ್ಲ ಬೇಡ ಎಂಬ ಒಂದು ನಂಬುಗೆ ಮೇಲಿನವರಲ್ಲಿ ಇರುವಂತೆ ತೋರುತ್ತದೆ. ನಮ್ಮ ಮೈ ಗಟ್ಟಿ, ಒಪ್ಪಿದೆ. ಆದರೆ ಮನೆಯಲ್ಲಿ ಮೊದಲು ಓದಿದವರ ಅವಸ್ಥೆಯೇ ಬೇರೆ. ಸೆಮಿಸ್ಟರು ಎಂದರೇನೆಂದು ಮನೆಯವರಿಗೆ ತಿಳಿಯದು. ಬಿತ್ತನೆಯ ವಾರ ತರಗತಿಗೆ ಏಕೆ ಬರಲಿಲ್ಲವೆಂದು ಕಾಲೇಜಿಗೆ ತಿಳಿಯದು. ಎರಡು ಕಡೆಯೂ ಪೂರ್ತಿ ಸಲ್ಲದೆ ಹೊಸ್ತಿಲ ಮೇಲೆ ನಿಂತಿರುತ್ತೇವೆ. ನಮ್ಮಂಥವರಿಗೆ ಮೊದಲು ಬೇಕು ಆ ಕೋಣೆ.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳನ್ನು ಸೇರಿಸಬೇಕು. ಮನಸ್ಸಿನ ಕಾಯಿಲೆ ತೀವ್ರವಾಗಿದ್ದಾಗ ಬರಿಯ ಮಾತು ಸಾಲದು, ಮನೋವೈದ್ಯರೂ ಔಷಧಿಯೂ ಬೇಕಾಗುತ್ತವೆ; ಅದರಲ್ಲಿ ನಾಚಿಕೆಪಡತಕ್ಕದ್ದಿಲ್ಲ. ಎರಡನೆಯದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಸಮಾಲೋಚನೆಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ 'ಹೊಂದಾಣಿಕೆ'ಯನ್ನು ಬೋಧಿಸುವವರೂ ಇದ್ದಾರೆ. ಗಂಡನಿಂದ ಪೆಟ್ಟು ತಿಂದು ಬಂದವಳನ್ನು ಕೂರಿಸಿಕೊಂಡು ನಾಲ್ಕು ಒಳ್ಳೆಯ ಮಾತು ಹೇಳಿ ಅದೇ ಮನೆಗೆ ಕಳಿಸುವುದು ಸಮಾಲೋಚನೆಯಲ್ಲ, ಅದು ಹಳೆಯ ಪಂಚಾಯಿತಿಯೇ. ಅವಳಿಗೆ ರಕ್ಷಣೆ ಕೊಡಲೆಂದೇ 2005ರ ಕೌಟುಂಬಿಕ ದೌರ್ಜನ್ಯದ ಕಾಯಿದೆಯಿದೆ. ಮನಸ್ಸನ್ನು ಮಾಗಿಸುವುದು ಬೇರೆ, ಅನ್ಯಾಯಕ್ಕೆ ಬಗ್ಗಿಸುವುದು ಬೇರೆ. ಹಾಗೆಯೇ ಮಳೆ ಬಾರದ್ದಕ್ಕೂ, ಶೇಂಗಾದ ಬೆಲೆ ಬಿದ್ದದ್ದಕ್ಕೂ, ವಿದ್ಯಾರ್ಥಿವೇತನ ತಡವಾದದ್ದಕ್ಕೂ ಸಮಾಲೋಚನೆ ಮದ್ದಲ್ಲ. ನನ್ನ ಅಣ್ಣ ಓದು ಬಿಟ್ಟದ್ದು ಮನಸ್ಸಿನ ತೊಂದರೆಯಿಂದಲ್ಲ, ಬಡತನದಿಂದ. ಅದನ್ನು ಮರೆತು ಬರೆದರೆ ಈ ಲೇಖನ ಸುಳ್ಳಾಗುತ್ತದೆ.

ಕಳೆದ ಶೇಂಗಾದ ಸುಗ್ಗಿಗೆ ಊರಿಗೆ ಹೋಗಿದ್ದೆ. ಬಸ್ಸು ಕೆರೆಯ ಏರಿ ತಿರುಗುವಾಗ ಎದೆ ಹೊಡೆದುಕೊಂಡದ್ದು ಹೌದು, ಆದರೆ ಮೊದಲಿನಷ್ಟಲ್ಲ. ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಹೊಲಕ್ಕೆ ಹೋಗಿ ಅಣ್ಣನ ಎದುರಿಗೆ ಕುಳಿತು ಬಳ್ಳಿಯಿಂದ ಕಾಯಿ ಬಿಡಿಸತೊಡಗಿದೆ. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಅಮ್ಮ ಅಲ್ಲಿರಲಿಲ್ಲವಾದ್ದರಿಂದ ಅಂಚೆಯ ಸೌಕರ್ಯವೂ ಇರಲಿಲ್ಲ. ಕೊನೆಗೆ ನಾನೇ ಕೇಳಿದೆ: "ನನಗೆ ಎಲ್ಲ ಗೊತ್ತು ಅಂತ ಹೇಳುತ್ತೀಯಲ್ಲ, ಯಾತಕ್ಕೆ?"

ಅವನು ತಲೆ ಎತ್ತದೆ ಹೇಳಿದ: "ಬಂದರೆ ಪುಸ್ತಕ ಹಿಡಿದು ಕೂರುತ್ತೀಯೆ. ನಿನ್ನ ಹತ್ತಿರ ಏನು ಮಾತಾಡಬೇಕೋ ನನಗೆ ತಿಳಿಯುವುದಿಲ್ಲ."

ನಾನು ಪುಸ್ತಕ ಹಿಡಿದು ಕೂರುತ್ತಿದ್ದದ್ದು ಅವನ ಮುಖ ನೋಡಲಾರದೆ. ಅದನ್ನು ಹೇಳಿದೆ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಅವನು ಐ.ಟಿ.ಐ.ಯ ವಿಷಯ ಎತ್ತಿದ. "ಸಿಟ್ಟಿತ್ತು. ನಿನ್ನ ಮೇಲೆ ಇರಲಿಲ್ಲ ಅಂತ ಹೇಳಲಾರೆ. ನಿನ್ನ ಮೇಲೂ ಇತ್ತು" ಎಂದ. ಕಥೆ ಕಾದಂಬರಿಗಳಲ್ಲಿ ಆಗುವಂತೆ ನಾವು ಅಪ್ಪಿಕೊಂಡು ಅಳಲಿಲ್ಲ. ಅವನ ಸಿಟ್ಟು ನಿಜವಾದದ್ದು, ಒಂದು ಮಧ್ಯಾಹ್ನದಲ್ಲಿ ಹೋಗತಕ್ಕದ್ದಲ್ಲ. ಆದರೆ ಆ ಮಾತು ಕೇಳಿದ ರಾತ್ರಿ ನಾನು ಚೆನ್ನಾಗಿ ನಿದ್ರೆ ಮಾಡಿದೆ. ಊಹಿಸಿಕೊಂಡ ಸಿಟ್ಟಿಗಿಂತ ಬಾಯಲ್ಲಿ ಬಂದ ಸಿಟ್ಟು ಚಿಕ್ಕದಾಗಿತ್ತು.

ಅಚ್ಚಿಗೆ ಕೊಡುವ ಮೊದಲು ಈ ಲೇಖನವನ್ನು ಅಣ್ಣನಿಗೆ ಫೋನಿನಲ್ಲಿ ಪೂರ್ತಿಯಾಗಿ ಓದಿ ಹೇಳಿದೆ. ಅವನ ವಿಷಯವಾದ್ದರಿಂದ ಅವನು ಬೇಡವೆಂದರೆ ಬಿಟ್ಟುಬಿಡುವೆನೆಂದೂ ಹೇಳಿದೆ. ನಡುವೆ ಟ್ರಾಕ್ಟರಿನ ಶಬ್ದ ಬಂದು ಒಂದೆರಡು ಪುಟಗಳನ್ನು ಪುನಃ ಓದಬೇಕಾಯಿತು. ಕೇಳಿ ಮುಗಿಸಿ ಬಹಳ ಹೊತ್ತು ಸುಮ್ಮನಿದ್ದ. ಕುರಿಗಳನ್ನು ಮಾರಿದ ವಿಷಯದಲ್ಲಿ ನಾನು ಎರಡು ಎಂದು ಬರೆದಿದ್ದೆ; ನನಗೆ ತಿಳಿದದ್ದು ಅಷ್ಟೆ. "ಎರಡಲ್ಲ, ಮೂರು" ಎಂದ. ತಿದ್ದಿದ್ದೇನೆ.